ಬೆನ್ನಿಗೆ ಹತ್ತಿದ ಕೆಮ್ಮಣ್ಣು

ಹುಣಸೆ ಬೀಜ ಬೇಯುವ ವಾಸನೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ರುಬ್ಬಿ, ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಕುದಿಸಿದರೆ ಮೊದಲು ಹುರಿಗಡಲೆಯ ಘಮ ಬರುತ್ತದೆ. ಕುದಿಯುತ್ತ ಕುದಿಯುತ್ತ ಅದು ಮಳೆಯಲ್ಲಿ ನೆನೆದ ಕಂಬಳಿಯ ವಾಸನೆಗೆ ತಿರುಗುತ್ತದೆ. ಹಾಗೆ ತಿರುಗಿದ ಮೇಲೂ ಒಂದು ಗಂಟೆ ಬೇಯಿಸಬೇಕು. ಸೌಟಿನಿಂದ ಎತ್ತಿದರೆ ಜೇನಿನ ಹಾಗೆ ಎಳೆ ಬಿಡಬೇಕು. ಆಗ ಅದು ಅಂಟು. ಅದಕ್ಕೂ ಮೊದಲು ಇಳಿಸಿದರೆ ಬರೀ ಗಂಜಿ. ಆ ಒಂದು ಗಂಟೆಯ ವಿಷಯವನ್ನೇ ಬರೆಯಲು ಕುಳಿತಿದ್ದೇನೆ.

ಕಳೆದ ಕಾರ್ತಿಕದಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗಿದ್ದೆ. ಬಸ್ಸಿಳಿದು ಸಂತೆ ಮೈದಾನದ ಕಡೆಯಿಂದ ನಡೆದು ಬರುತ್ತಿದ್ದಾಗ ಆ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಎದುರಿಗೆ ಡಾಕ್ಟರಮ್ಮನ ಶಾಪು. ನಮ್ಮ ಕಡೆ ಆಗ ಕ್ಲಿನಿಕ್ಕಿಗೆ ಡಾಕ್ಟ್ರ ಶಾಪು ಎಂದೇ ಹೆಸರು. ಬಾಗಿಲಲ್ಲಿ ಸುಣ್ಣದ ಡ್ರಮ್ಮು, ಏಣಿ, ಒಲೆಯ ಮೇಲೆ ಕೊಪ್ಪರಿಗೆ. ಒಳಗೆ ಬಣ್ಣದ ಕೆಲಸ ನಡೆದಿತ್ತು. ಜಗಲಿಯ ಮೇಲೆ ಬಿಳಿ ಟೋಪಿಯ ಒಬ್ಬ ಮುದುಕ ಕೂತಿದ್ದ. ನಾನು ಒಳಗೆ ಹೋಗಲಿಲ್ಲ. ಎದುರಿನ ಹೋಟೆಲಿನಲ್ಲಿ ಕೂತು ಟೀ ಹೇಳಿದೆ. ಈ ಬೀದಿಗೆ ಕಾಲಿಡದೆ ಸುತ್ತಿ ಬಳಸಿ ಓಡಾಡಿಯೇ ನಾನು ಐವತ್ತು ವರ್ಷ ಕಳೆದಿದ್ದೆ.

ಎಪ್ಪತ್ತರ ದಶಕದ ಒಂದು ಶ್ರಾವಣದಲ್ಲಿ ಶುರುವಾದದ್ದು ಅದು. ನನಗಾಗ ಇಪ್ಪತ್ತನಾಲ್ಕು. ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸಕ್ಕೆಂದು ಕಂಡಕಂಡ ಕಡೆ ಅರ್ಜಿ ಹಾಕಿ ಸಾಕಾಗಿ, ಇಮಾಮಣ್ಣನ ಜೊತೆ ಸುಣ್ಣ ಬಳಿಯಲು ಸೇರಿಕೊಂಡಿದ್ದೆ. ಇಮಾಮ್ ಸಾಬ್ ನನಗಿಂತ ಎಂಟು ವರ್ಷ ದೊಡ್ಡವನು. ಅವನ ಅಜ್ಜ ಮುತ್ತಜ್ಜಂದಿರು ಗಾರೆ ಕೆಲಸದವರು. ಗೋಡೆಯನ್ನು ಅವನು ಬೆರಳಿನಿಂದ ತಟ್ಟಿ, ಅಂಗೈ ಆಡಿಸಿ ಮಾತಾಡಿಸುತ್ತಿದ್ದ. ಕೆಲಸ ಶುರುಮಾಡುವ ಮೊದಲು, "ಏನಪ್ಪ, ಹೆಂಗಿದೀಯ" ಎಂದು ಗೋಡೆಯನ್ನು ಕೇಳುವವನು ಅವನೊಬ್ಬನೇ. ಕತ್ತಾಳೆ ನಾರಿನ ಕುಂಚವನ್ನು ತಾನೇ ಬಡಿದು ಮಾಡಿಕೊಳ್ಳುತ್ತಿದ್ದ. ಬಣ್ಣಕ್ಕೆ ಹಾಕುವ ಅಂಟನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಕಂಬಳಿ ನೇಯುವವರು ನೂಲಿಗೆ ಹಚ್ಚುವ ಹುಣಸೆ ಬೀಜದ ಅಂಟೇ ಅವನಿಗೆ ಬೇಕು. ಬೀಜ ಹೊಳಲ್ಕೆರೆಯ ಅವನ ಮಾವನ ಮನೆಯಿಂದ ಚೀಲದಲ್ಲಿ ಬರುತ್ತಿತ್ತು.

ಆ ಶ್ರಾವಣದಲ್ಲಿ ಡಾಕ್ಟರಮ್ಮ ಬಂದರು. ಹೆಸರು ವಿಮಲಾ. ಊರು ದಾವಣಗೆರೆ, ಓದಿದ್ದು ಮೈಸೂರಿನಲ್ಲಿ. ಹೆಣ್ಣು ಡಾಕ್ಟರೊಬ್ಬರು ನಮ್ಮ ಊರಿನಲ್ಲಿ ಶಾಪು ಇಟ್ಟದ್ದು ಅದೇ ಮೊದಲೆಂದು ನನ್ನ ನೆನಪು. ಸಂತೆ ಮೈದಾನದ ಪಕ್ಕ ಖಾಲಿ ಬಿದ್ದಿದ್ದ ಹಳೆಯ ಕಡಲೆಕಾಯಿ ಮಂಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಒಳಗೆ ಕಾಲಿಟ್ಟರೆ ಕಾಯಿ ಸಿಪ್ಪೆಯ ಧೂಳು, ಹೆಗ್ಗಣದ ಬಿಲ, ಮೇಲೆ ಮಸಿ ಹಿಡಿದ ಮದ್ರಾಸ್ ತಾರಸಿಯ ಸೂರು.

"ದೀಪಾವಳಿವರೆಗೂ ನೋಡ್ತೀನಿ ಇಮಾಮ್ ಸಾಬ್," ಎಂದರು ಮೊದಲ ದಿನವೇ. "ಜನ ಬಂದರೆ ಇರ್ತೀನಿ. ಬರಲಿಲ್ಲ ಅಂದ್ರೆ ನಮ್ಮಪ್ಪ ವಾಪಸ್ ಬಾ ಅಂತಿದಾರೆ. ಗೋಡೆ ನಿಮಗೆ ಬಿಟ್ಟಿದ್ದು."

"ಬರ್ತಾರೆ ಕಣಮ್ಮ. ಹೆಂಗಸ್ರು ಎಷ್ಟು ವರ್ಸದಿಂದ ಕಾಯ್ತಾ ಅವ್ರೆ," ಎಂದ ಇಮಾಮಣ್ಣ. ಅವನಿಗೆ ಆ ಮಾತು ಬರೀ ಉಪಚಾರವಾಗಿರಲಿಲ್ಲ. ಹೆಂಡತಿ ಬೀಬಿಜಾನ್ ಆಗ ನಾಲ್ಕು ತಿಂಗಳ ಬಸುರಿ. ಮೊದಲನೆಯ ಕೂಸು ದಕ್ಕಿರಲಿಲ್ಲ.

ನಾವು ನಮಗೆ ಗೊತ್ತಿದ್ದದ್ದನ್ನೇ ಮಾಡಿದೆವು. ಮೇಲೆಲ್ಲ ಬಿಳಿ ಸುಣ್ಣ, ಕೆಳಗೆ ಎದೆಯೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಗುಡಿಗೂ ಅದೇ, ಮನೆಗೂ ಅದೇ. ಕೊಳೆ ಕಾಣುವುದಿಲ್ಲ ಎಂದು ನಾನೇ ಮುಂದೆ ಬಿದ್ದು ಹೇಳಿದ್ದೆ. ಕೆಮ್ಮಣ್ಣು ಕಲಸುವ ಹಿಂದಿನ ದಿನ ಮಾವನಿಗೆ ಹುಷಾರಿಲ್ಲವೆಂದು ಇಮಾಮಣ್ಣ ಹೊಳಲ್ಕೆರೆಗೆ ಹೊರಟ. ಹೊರಡುವಾಗ ಕೊಪ್ಪರಿಗೆ ತೋರಿಸಿ, "ಲೇ ತಿಪ್ಪೇಸಿ, ಎಳೆ ಬರೋಗಂಟ ಇಳಿಸಬ್ಯಾಡ" ಎಂದು ಎರಡು ಸಲ ಹೇಳಿದ.

ಅದೇ ಸಂಜೆ ಹಾಲುರಾಮೇಶ್ವರದಲ್ಲಿ ನಮ್ಮ ಹುಡುಗರ ನಾಟಕದ ತಾಲೀಮಿತ್ತು. ನನ್ನದು ದೂತನ ಪಾತ್ರ. ಎರಡೇ ಮಾತು. ಆದರೆ ಮೀಸೆ ಅಂಟಿಸಿಕೊಂಡು, ಕೈಯಲ್ಲಿ ಭರ್ಜಿ ಹಿಡಿದು ನಿಲ್ಲುವ ಆಸೆ ನನಗೆ ಎಷ್ಟಿತ್ತೆಂದರೆ, ಅಲ್ಲಿಗೆ ಹೋಗುವ ನಾಲ್ಕೂವರೆಯ ಬಸ್ಸಿನ ಹಾರನ್ ಕೇಳಿದ ಕೂಡಲೇ ಒಲೆಗೆ ನೀರು ಚೆಲ್ಲಿದೆ. ವಾಸನೆ ಆಗ ತಾನೇ ಕಂಬಳಿಗೆ ತಿರುಗಿತ್ತು. ಇನ್ನೊಂದು ಗಂಟೆ ಬೇಯಬೇಕಿತ್ತು. ಗಂಜಿಯನ್ನು ಕೆಮ್ಮಣ್ಣಿನ ಡ್ರಮ್ಮಿಗೆ ಸುರಿದು ಓಡಿದೆ.

ಮರುದಿನ ಬಂದ ಇಮಾಮಣ್ಣ ಕೇಳಿದ, "ಎಳೆ ಬಂತೇನ್ಲಾ?"

"ಜೇನುತುಪ್ಪ ಇದ್ದಂಗೆ ಬಂತಣ್ಣ," ಎಂದೆ.

ಅವನು ನನ್ನನ್ನು ನಂಬಿದ. ಹಸಿಯಿದ್ದಾಗ ಆ ಪಟ್ಟಿ ಹೊಳೆಯುತ್ತಿತ್ತು. ನೋಡಿದವರೆಲ್ಲ ಚೆನ್ನಾಗಿದೆ ಎಂದರು.

ಸಂತೆಯ ದಿನವೇ ಶಾಪು ಶುರುವಾಯಿತು. ಕುರಿ ಮಾರಲು ಬಂದ ಹಟ್ಟಿಯವರು, ತೆಂಗಿನಕಾಯಿ ಗಾಡಿಯವರು, ಕೂಸು ಕಟ್ಟಿಕೊಂಡ ಹೆಂಗಸರು, ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಗೋಡೆಗೆ ಒರಗಿ ಕೂತರು. ಹೊರಗೆ ಶ್ರಾವಣದ ಜಡಿ, ಒಳಗೆ ಬೆವರು. ಡಾಕ್ಟರಮ್ಮ ಸಂಜೆಯವರೆಗೂ ತಲೆ ಎತ್ತಲಿಲ್ಲ.

ಮೂರನೆಯ ದಿನ ಮಾಡದಕೆರೆ ಕಡೆಯ ಹಟ್ಟಿಯಿಂದ ಕೆಂಚಮ್ಮ ಬಂದಳು. ಐವತ್ತು ದಾಟಿದ ಕುರುಬರ ಹೆಂಗಸು, ಕಂಕುಳಲ್ಲಿ ಒಂದು ಅಂಗಿಯ ಗಂಟು. ನಾವು ಹೊರಗೋಡೆ ಬಳಿಯುತ್ತಿದ್ದವರು ಅವಳ ದನಿಗೆ ಕುಂಚ ಬಿಟ್ಟು ಬಾಗಿಲಿಗೆ ಬಂದೆವು.

"ಯಾರವ್ವ ಇಲ್ಲಿ ಡಾಕ್ಟ್ರು?"

"ನಾನೇ. ಕೂತ್ಕೊಳ್ಳಿ," ಎಂದರು ಡಾಕ್ಟರಮ್ಮ.

"ಕುಂತ್ಕಣಕ್ಕೆ ಬಂದಿಲ್ಲ. ನನ್ನ ಗಂಡನ್ನ ಯಾವ ಸಂತೆಗೆ ಮಾರಿದ್ರಿ? ಯಾರಿಗೆ ಮಾರಿದ್ರಿ? ಅಷ್ಟು ಹೇಳ್ರಿ, ಹೋಗ್ತೀನಿ."

ಡಾಕ್ಟರಮ್ಮನಿಗೆ ಏನೂ ತಿಳಿಯಲಿಲ್ಲ. ಕೆಂಚಮ್ಮ ಗಂಟು ಬಿಚ್ಚಿ ಅಂಗಿ ಹರವಿದಳು. ಬಿಳಿ ಅಂಗಿಯ ಬೆನ್ನ ಮೇಲೆ ಭುಜದಿಂದ ಸೊಂಟದವರೆಗೆ ಕೆಂಪು ಪಟ್ಟೆ. ಬೆಂಚಿನ ಮೇಲಿದ್ದವರಿಗೆ ಕೂಡಲೇ ಅರ್ಥವಾಯಿತು. ಸಂತೆಯಲ್ಲಿ ಕುರಿ ವ್ಯಾಪಾರ ಕುದುರಿದರೆ, ಕೊಂಡವನು ಅದರ ಬೆನ್ನ ಮೇಲೆ ಕೆಮ್ಮಣ್ಣಿನಲ್ಲಿ ಒಂದು ಗೀರು ಎಳೆಯುತ್ತಾನೆ. ಆ ಗೀರು ಬಿದ್ದ ಕುರಿ ಮತ್ತೆ ಹಟ್ಟಿಗೆ ಬರುವುದಿಲ್ಲ.

ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು.

"ನಗ್ರಿ, ನಗ್ರಿ," ಎಂದಳು ಕೆಂಚಮ್ಮ. "ಕೆಮ್ಮು ಅಂತ ಬಂದ ಮನುಷ್ಯ ಗುರುತು ಹಾಕಿಸ್ಕಂಡು ಬಂದವ್ನೆ. ನನ್ನ ಸೊಸೆ ಬಾಗಿಲಲ್ಲೇ ನಿಲ್ಲಿಸಿ, ಮಾವ ಯಾರ ಪಾಲಾದ ಅಂತ ಅಳ್ತಾ ಕುಂತವ್ಳೆ. ನಿಮ್ಮ ಬೆನ್ನೂ ಸ್ವಲ್ಪ ನೋಡ್ಕಳ್ರಿ ಮತ್ತೆ."

ನಗು ನಿಂತಿತು. ಕೂತವರು ಒಬ್ಬರ ಬೆನ್ನು ಒಬ್ಬರು ನೋಡಿಕೊಂಡರು. ಎಲ್ಲರಿಗೂ ಗೀರು ಬಿದ್ದಿತ್ತು. ಒಬ್ಬಳು ಕೂಸನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಡಾಕ್ಟರಮ್ಮ ಗೋಡೆಯ ಮೇಲೆ ಅಂಗೈ ಆಡಿಸಿದರು. ಕೈ ಕೆಂಪಾಯಿತು.

"ಇದಕ್ಕೆ ಅಂಟು ಹಾಕಿಲ್ವಾ ಇಮಾಮ್ ಸಾಬ್?"

ಇಮಾಮಣ್ಣ ನನ್ನ ಮುಖ ನೋಡಿದ. ಅವನು ಕೇಳುವುದಕ್ಕೂ ಮೊದಲೇ ನಾನು ಬಾಯಿಬಿಟ್ಟೆ. "ಎಳೆ ಬರೋವರೆಗೂ ಬೇಯಿಸಿದೀನಿ ಮೇಡಮ್. ಬೀಜವೇ ಹುಳುಕಿದ್ವು ಅಂತ ಕಾಣುತ್ತೆ. ಹೊಳಲ್ಕೆರೆಯಿಂದ ತಂದ ಬೀಜ."

ಅಷ್ಟೇ. ಎರಡೇ ಮಾತಿನ ಪಾತ್ರಕ್ಕಾಗಿ ಅಂಟು ಕೆಡಿಸಿದೆ, ಎರಡೇ ಮಾತಿನಲ್ಲಿ ಅದನ್ನು ಇನ್ನೊಬ್ಬನ ತಲೆಗೆ ಕಟ್ಟಿದೆ.

ಇಮಾಮಣ್ಣ ಬಹಳ ಹೊತ್ತು ತನ್ನ ಕೈಯನ್ನೇ ನೋಡಿಕೊಂಡ. "ಇರಬೌದಮ್ಮ," ಎಂದ. "ಬೀಜ ಒಡೆದು ನೋಡ್ಲಿಲ್ಲ ನಾನು. ತಪ್ಪು ನಂದೇ."

ಮುಂದಿನ ಸಂತೆಗೆ ಬೆಂಚು ಖಾಲಿ. ಗುರುತು ಹಾಕುವ ಡಾಕ್ಟರು ಎಂದು ಊರೆಲ್ಲ ಹೆಸರಾಯಿತು. ತಮಾಷೆಗೆ ಹುಟ್ಟಿದ ಮಾತು ಹಳ್ಳಿ ಮುಟ್ಟುವ ಹೊತ್ತಿಗೆ ಭಯವಾಗಿತ್ತು. ಹುಷಾರಿಲ್ಲದ ಮೈಗೆ ಗುರುತು ಬಿದ್ದರೆ ಅದನ್ನು ಕೊಂಡವನು ಯಾರು ಎಂದು ಹೆಂಗಸರು ಕೇಳತೊಡಗಿದರು. ಡಾಕ್ಟರಮ್ಮ ಖಾಲಿ ಮೇಜಿನ ಮುಂದೆ ಕೂತು ದಾವಣಗೆರೆಗೆ ಕಾಗದ ಬರೆಯುವುದನ್ನು ನಾನು ಕಿಟಕಿಯಿಂದ ಕಂಡೆ. ಆಗಲಾದರೂ ಒಳಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ.

ಇಮಾಮಣ್ಣ ಹೋದ. "ಕೆಡಿಸಿದ ಗೋಡೆ ನಂದು, ನಾನೇ ಸರಿ ಮಾಡ್ತೀನಮ್ಮ. ಆದ್ರೆ ಅದಕ್ಕೂ ಮುಂಚೆ ಮೂರು ದಿನ ಇಲ್ಲಿ ಸುಮ್ನೆ ಕುಂತ್ಕಂತೀನಿ," ಎಂದ.

"ಸುಮ್ನೆ ಕೂತು ಏನು ಮಾಡ್ತೀರಿ?"

"ಕಾಯಿಲೆಯೋರು ಏನು ನೋಡ್ತಾರೆ ಅಂತ ನೋಡ್ತೀನಿ. ಇಷ್ಟು ವರ್ಸ ನಿಂತ್ಕಂಡೇ ಬಣ್ಣ ಹೊಡ್ದಿದೀನಿ. ಕುಂತೋರ ಕಣ್ಣಿಗೆ ಏನು ಕಾಣ್ತೈತೆ ಅಂತ ಒಂದಿನಾನೂ ನೋಡ್ಲಿಲ್ಲ."

ಡಾಕ್ಟರಮ್ಮ ಬರೆಯುತ್ತಿದ್ದ ಕಾಗದವನ್ನು ಮಡಚಿ ಖಾನೆಯಲ್ಲಿಟ್ಟರು. ಆ ಕ್ಷಣದಿಂದ ಆ ಮಂಡಿ ಶಾಪಾಗತೊಡಗಿತು ಎಂದೇ ನನ್ನ ಲೆಕ್ಕ.

ಮೂರು ದಿನ ಅವನು ಬೆಂಚಿನ ಮೇಲೆ ಕೂತ, ಎದ್ದ, ಜಾಗ ಬದಲಿಸಿದ. ಬಂದ ನಾಲ್ಕಾರು ಜನರ ಕಣ್ಣು ಹೋದಲ್ಲೆಲ್ಲ ತಾನೂ ಕಣ್ಣು ಹಾಯಿಸಿದ. ಬೆಂಚು ಸೂಜಿ ಚುಚ್ಚುವ ಕೋಣೆಯ ಬಾಗಿಲಿಗೆ ನೇರವಾಗಿದೆ. ಕೂತವರಿಗೆಲ್ಲ ಕುದಿಯುವ ಪಾತ್ರೆ, ಅದರಲ್ಲಿ ಗಲಗಲ ಎನ್ನುವ ಸೂಜಿಗಳು ಕಾಣುತ್ತವೆ. ಜಡಿ ಬಿಡುವು ಕೊಟ್ಟರೆ ಪಡುವಣ ಕಿಟಕಿಯ ಬಿಸಿಲು ಮೂರು ಗಂಟೆಗೆ ಸರಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಹಟ್ಟಿಯ ಮುದುಕಿಯರಿಗೆ ಬೆಂಚು ಎತ್ತರ. ಕಾಲು ಜೋತು ಬಿದ್ದು ಅವರಿಗೆ ನಾಚಿಕೆ. ಹಿಂದಿನ ಹಿತ್ತಲಲ್ಲಿ ಒಂದು ದೊಡ್ಡ ಹೊಂಗೆ ಮರವಿದೆ, ಅದಕ್ಕೆ ಬೆನ್ನು ಹಾಕಿ ಎಲ್ಲರೂ ಕೂರುತ್ತಾರೆ. ಒಂದೊಂದನ್ನೂ ಸಂಜೆ ಡಾಕ್ಟರಮ್ಮನಿಗೆ ಒಪ್ಪಿಸುತ್ತಿದ್ದ. ಅವರು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು.

ಕೊನೆಯ ದಿನ ಪರೀಕ್ಷೆಯ ಮೇಜಿನ ಮೇಲೆ ತಾನೇ ಅಂಗಾತ ಮಲಗಿದ. ಡಾಕ್ಟರಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಅವನು ಎದ್ದು ನನ್ನನ್ನು ಕರೆದ.

"ತಿಪ್ಪೇಸಿ, ಈಗ ನೀನು ಮಲಕ್ಕ. ಏನು ಕಾಣ್ತೈತೆ?"

"ಮಸಿ. ಒಂದು ಕಣಜದ ಗೂಡು."

ಅವನು ಡಾಕ್ಟರಮ್ಮನ ಕಡೆ ತಿರುಗಿದ. "ಜ್ವರ ಬಂದೋಳು, ಹೊಟ್ಟೆ ನೋವು ಬಂದೋಳು ಆ ಕಣಜ ನೋಡ್ತಾ ಮಲಗ್ಬೇಕು. ಗೋಡೆ ನಿಂತೋರಿಗೆ ಕಣಮ್ಮ. ಮಲಗಿದೋರಿಗೆ ಸೂರೇ ಗೋಡೆ. ಅಲ್ಲಿಗೆ ಬಣ್ಣ ಹೊಡೀಬೇಕು, ಎಲ್ಲದಕ್ಕಿಂತ ಚೆಂದಾಗಿ."

ಯಾವ ಬಣ್ಣ ಎಂಬುದನ್ನು ಮಾತ್ರ ಅವನು ತಾನು ಹೇಳಲೊಲ್ಲೆ ಎಂದ. ಒಂದು ಹೊಸ ಬಿಳಿ ಅಂಗಿ ಕಂಕುಳಲ್ಲಿಟ್ಟುಕೊಂಡು ಮಾಡದಕೆರೆಯ ಹಟ್ಟಿಗೆ ಹೋದ. ನನ್ನನ್ನೂ ಕರೆದುಕೊಂಡು ಹೋದ. ಕೆಂಚಮ್ಮ ಮೊದಲು ಬೈದು, ಆಮೇಲೆ ರಾಗಿ ರೊಟ್ಟಿ ತಟ್ಟಿ ಕೊಟ್ಟಳು.

"ಬಿಸಿಲಾಗೆ ಕುರಿ ಹಿಂದೆ ತಿರುಗಿ ತಿರುಗಿ ಕಣ್ಣು ಉರಿಯೋವಾಗ, ಎಲ್ಲಿ ನೋಡಿದ್ರೆ ತಂಪನ್ನಿಸ್ತೈತೆ ಕೆಂಚಕ್ಕ?" ಎಂದು ಕೇಳಿದ ಇಮಾಮಣ್ಣ.

"ಇದೇನು ಕೇಳ್ತೀಯ ಸಾಬಣ್ಣ? ಹೊಂಗೆ ನೆಳ್ಳಾಗೆ ಮಲಕ್ಕಂಡು ಮ್ಯಾಕೆ ನೋಡಿದ್ರೆ. ಯುಗಾದಿ ಹೊತ್ನಾಗೆ, ಚಿಗುರು ಬಂದಿರ್ತೈತಲ್ಲ, ಆವಾಗ. ಕಣ್ಣು ತಾನೇ ಮುಚ್ಚಿ ಹೋಗ್ತಾವೆ. ಕುರಿ ಕಳೆದು ಹೋಗಾದೇ ಆ ಹೊತ್ನಾಗೆ."

ಹೀಗೆ ಬಣ್ಣ ಗೊತ್ತಾಯಿತು. ಇನ್ನು ಅದನ್ನು ಮಾಡುವುದು. ಮೊದಲು ಕೆಮ್ಮಣ್ಣು ತೆಗೆಯಬೇಕು. ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದೆವು. ಮೂಗು, ಕಿವಿ, ರೆಪ್ಪೆ ಎಲ್ಲ ಕೆಂಪಾಗಿ ನಾವೇ ಸಂತೆಯ ಕುರಿಗಳಾದೆವು. ದಾರಿಯಲ್ಲಿ ಹೋಗುವವರು, "ಏನಪ್ಪ ತಿಪ್ಪೇಸಿ, ವ್ಯಾಪಾರ ಆಯ್ತಾ?" ಎಂದು ಕೇಳುತ್ತಿದ್ದರು. ನಾಟಕದ ತಾಲೀಮನ್ನು ನಾನು ಬಿಟ್ಟಿದ್ದೆ. ಬೆಳಗಿನಿಂದ ಕತ್ತಲಾಗುವವರೆಗೆ ಎಲ್ಲರಿಗಿಂತ ಹೆಚ್ಚು ತಿಕ್ಕಿದವನು ನಾನೇ. ನನ್ನ ನಿಷ್ಠೆಯನ್ನು ಡಾಕ್ಟರಮ್ಮ ಮೆಚ್ಚಿಕೊಂಡರು. ನಾನು ತಿಕ್ಕುತ್ತಿದ್ದದ್ದು ಏನನ್ನು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆಮೇಲಿನ ವಾರಗಳಷ್ಟು ಸಂತೋಷದ ಕೆಲಸವನ್ನು ನಾನು ಮತ್ತೆ ಮಾಡಲಿಲ್ಲ. ಜಡಿ ನಿಂತು ಭಾದ್ರಪದದ ಎಳೆ ಬಿಸಿಲು ಬಂದಿತ್ತು. ಹಳದಿ ಮಣ್ಣಿಗೆ ನೀಲಿ ಪುಡಿ, ಸುಣ್ಣದ ಕೆನೆ, ಒಂದೊಂದು ಚಿಟಿಕೆ ಹೆಚ್ಚು ಕಡಿಮೆ ಮಾಡಿ ಗೋಡೆಯ ಮೇಲೆ ಅಂಗೈ ಅಗಲದ ತೇಪೆಗಳನ್ನು ಹಾಕಿದೆವು. ಹಸಿಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ಬೇರೆಯೇ. ಕೆಂಚಮ್ಮ ಪ್ರತಿ ಸಂತೆಗೂ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ತೀರ್ಪು ಕೊಡುತ್ತಿದ್ದಳು.

"ಇದು ಬಾವಿ ಪಾಚಿ. ಇದು ಗಿಣಿ ರೆಕ್ಕೆ, ಕಣ್ಣಿಗೆ ಚುಚ್ತೈತೆ. ಇದು ಎಮ್ಮೆ ಸಗಣಿ, ಯಾರು ಹಾಕಿದ್ದು ಇದನ್ನ?"

"ನಾನು," ಎಂದೆ.

"ಅದೇ ಅನ್ಕಂಡೆ."

ಹನ್ನೊಂದನೆಯದೋ ಹನ್ನೆರಡನೆಯದೋ ತೇಪೆಯ ಮುಂದೆ ಅವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಆಕಳಿಸಿದಳು. ಇಮಾಮಣ್ಣ ಡಾಕ್ಟರಮ್ಮನ ಕಡೆ ತಿರುಗಿ ಮೆಲ್ಲಗೆ, "ಸಿಕ್ತು" ಎಂದ.

ಸೂರಿಗೆ ಹೊಂಗೆ ಚಿಗುರಿನ ಬಣ್ಣವಾಯಿತು. ಗೋಡೆಗೆ ಅಚ್ಚ ಬಿಳಿ ಬೇಡ, ಅದು ಆಸ್ಪತ್ರೆಯ ನೆನಪು ತರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಮಜ್ಜಿಗೆಯ ಬಣ್ಣ. ಕೆಳಗಿನ ಪಟ್ಟಿಗೆ ರಾಗಿ ಹಿಟ್ಟಿನ ಬಣ್ಣ. ಕಂಬಳಿ ಒರಗಿದರೂ ಕೊಳೆ ಕಾಣದು, ಮನೆಯಲ್ಲೇ ಕೂತ ಹಾಗೆ ಅನ್ನಿಸುತ್ತದೆ. ಬೆಂಚು ತೆಗೆಸಿ ಗೋಡೆಯುದ್ದಕ್ಕೂ ಮೊಣಕಾಲೆತ್ತರದ ಜಗಲಿ ಕಟ್ಟಿದೆವು. ಹಿತ್ತಲ ಕಡೆ ಗೋಡೆ ಒಡೆದು ತಗ್ಗಿನಲ್ಲಿ ಒಂದು ಕಿಟಕಿ ಇಟ್ಟೆವು, ನೆಲದ ಮೇಲೆ ಕೂತವರಿಗೂ ಹೊಂಗೆ ಮರ ಕಾಣಬೇಕೆಂದು. ಪಡುವಣ ಕಿಟಕಿಗೆ ಬೀಬಿಜಾನ್ ಹಳೆಯ ಇಳಕಲ್ ಸೀರೆಯಿಂದ ಪರದೆ ಹೊಲಿದಳು. ಮೂರು ಗಂಟೆಯ ಬಿಸಿಲು ಅದರ ಮೂಲಕ ಬಂದರೆ ಕೋಣೆಯೆಲ್ಲ ಹಣ್ಣಿನ ಬಣ್ಣವಾಗುತ್ತಿತ್ತು. ಸೂಜಿ ಕುದಿಸುವ ಪಾತ್ರೆ ಹಿಂದಿನ ಕೋಣೆಗೆ ಹೋಯಿತು. ಅದರ ಜಾಗದಲ್ಲಿ ನೀರಿನ ಎರಡು ಮಡಕೆ ಬಂದವು. ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಮೇಜಿನ ಹಿಂದಿನಿಂದ ಪಕ್ಕಕ್ಕೆ ಎಳೆದುಕೊಂಡರು. "ನಡುವೆ ಮೇಜಿದ್ರೆ ಹೆಂಗಸರು ಅರ್ಧ ಮಾತು ನುಂಗ್ತಾರೆ," ಎಂದರು.

ಅಂಟನ್ನು ಈ ಸಲ ಇಮಾಮಣ್ಣ ತಾನೇ ಬೇಯಿಸಿದ. ಒಂದೊಂದು ಬೀಜವನ್ನೂ ಒಡೆದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಸಾವಿರಾರು ಬೀಜ. ಒಂದೂ ಹುಳುಕಿರಲಿಲ್ಲ. "ಈ ಸಲದ ಚೀಲ ಚೆನ್ನಾಗೈತೆ," ಎಂದ. ನಾನು ಪಕ್ಕದಲ್ಲಿ ಕೂತು ಸಿಪ್ಪೆ ಬಿಡಿಸುತ್ತಿದ್ದೆ.

ಬಣ್ಣ ಒಣಗಿದ ದಿನ ಅವನು ಹಬ್ಬದ ಬಿಳಿ ಜುಬ್ಬಾ ತೊಟ್ಟು ಬಂದ. ಎಲ್ಲರೂ ನೋಡುತ್ತಿದ್ದಂತೆ ಗೋಡೆಗೆ ಬೆನ್ನು ಕೊಟ್ಟು, ಆ ಮೂಲೆಯಿಂದ ಈ ಮೂಲೆಯವರೆಗೆ ಉಜ್ಜಿಕೊಂಡು ನಡೆದ. ಮೈ ತುರಿಸಿಕೊಳ್ಳುವ ಎಮ್ಮೆಯ ಹಾಗೆ ಕಾಣುತ್ತಿದ್ದ. ಕೆಂಚಮ್ಮ ಮುಂದೆ ಬಂದಳು.

"ತಿರುಗು, ನೋಡಾಣ."

ಅವನು ತಿರುಗಿದ. ಅವಳು ಜುಬ್ಬಾವನ್ನು ಹಿಡಿದೆಳೆದು, ಬೆರಳಿನಿಂದ ಒರೆಸಿ, ಮೂಸಿಯೂ ನೋಡಿದಳು. "ಏನೂ ಹತ್ತಿಲ್ಲ," ಎಂದು ಬಾಗಿಲಲ್ಲಿ ನಿಂತವರಿಗೆ ಕೂಗಿ ಹೇಳಿದಳು. "ಬರ್ರಿ, ಕುಂತ್ಕಳ್ರಿ. ಯಾರನ್ನೂ ಮಾರಲ್ಲ."

ಜನ ಬಂದರು. ಒಮ್ಮೆಲೇ ಅಲ್ಲ, ಇಬ್ಬರು ಮೂವರಾಗಿ. ಮೇಜಿನ ಮೇಲೆ ಮಲಗಿಸಿದ ಕೂಸುಗಳು ಸೂರು ನೋಡುತ್ತ ಬಾಯಿ ತೆರೆದಾಗ ಡಾಕ್ಟರಮ್ಮ ಸೂಜಿ ಚುಚ್ಚಿ ಮುಗಿಸಿರುತ್ತಿದ್ದರು. ಅಳು ಆಮೇಲೆ ಬರುತ್ತಿತ್ತು. ದೀಪಾವಳಿಗೆ ಮಗಳನ್ನು ಕರೆದೊಯ್ಯಲು ದಾವಣಗೆರೆಯಿಂದ ಅವರ ತಂದೆಯೇ ಬಂದರು. ರಕ್ತದೊತ್ತಡ ನೋಡುತ್ತೇನೆಂದು ಮಗಳು ಅವರನ್ನು ಮೇಜಿನ ಮೇಲೆ ಮಲಗಿಸಿದಳು. ಆ ಪುಣ್ಯಾತ್ಮರು ಹೊಂಗೆ ಸೂರನ್ನು ನೋಡುತ್ತ ಗೊರಕೆ ಹೊಡೆದುಬಿಟ್ಟರು. ಎದ್ದ ಮೇಲೆ, "ಇರು, ಇಲ್ಲೇ ಇರು" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಪುಷ್ಯದಲ್ಲಿ ಬೀಬಿಜಾನಳಿಗೆ ಅದೇ ಶಾಪಿನಲ್ಲಿ ಗಂಡುಮಗುವಾಯಿತು. ಇಮಾಮಣ್ಣ ನನಗೆ ತಿನ್ನಿಸಿದ ಪೇಡಾದ ರುಚಿ ಇಂದಿಗೂ ನಾಲಿಗೆಯ ಮೇಲಿದೆ.

ಮರುವರ್ಷ ಹಿರಿಯೂರಿನ ಹತ್ತಿರದ ಬಬ್ಬೂರಿನ ಕೃಷಿ ಫಾರಂನಲ್ಲಿ ನನಗೆ ಕೆಲಸ ಸಿಕ್ಕಿತು. ಅರ್ಜಿಯ ಜೊತೆ ಡಾಕ್ಟರಮ್ಮ ಬರೆದುಕೊಟ್ಟ ಒಂದು ಕಾಗದವಿತ್ತು: ಈತ ಕೊಟ್ಟ ಕೆಲಸವನ್ನು ಕೊನೆಯವರೆಗೂ ಮಾಡುವವನು ಎಂದು. ಆ ಕಾಗದ ತಂದ ಕೆಲಸದಲ್ಲಿ ನಾನು ನಿವೃತ್ತಿಯವರೆಗೂ ಇದ್ದೆ. ಹೊಸದುರ್ಗದ ಸುದ್ದಿ ಆಗಾಗ ಬರುತ್ತಿತ್ತು. ಬೆನ್ನು ಉಜ್ಜಿ ಒಪ್ಪಿಸುವ ಸಾಬರು ಎಂದು ಇಮಾಮಣ್ಣ ಹೆಸರಾಗಿದ್ದ. ಚಿತ್ರದುರ್ಗದವರೆಗೂ ಡಾಕ್ಟರುಗಳು ಅವನನ್ನು ಕರೆಸುತ್ತಿದ್ದರು. ಯಾವ ಗೋಡೆಯನ್ನೂ ಅವನು ಬೆನ್ನುಜ್ಜದೆ ಬಿಡುತ್ತಿರಲಿಲ್ಲ; ಬೀಜ ಒಡೆದು ನೋಡದೆ ಅಂಟು ಬೇಯಿಸುತ್ತಿರಲಿಲ್ಲ. "ಒಂದ್ಸಲ ಹುಳುಕು ಬೀಜ ಹಾಕಿ ಒಬ್ಬ ತಾಯ ಅನ್ನಕ್ಕೆ ಕಲ್ಲು ಹಾಕಿದ್ದೆ" ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಡಾಕ್ಟರಮ್ಮ ತೀರಿಕೊಂಡ ಸುದ್ದಿಯೂ ಹೀಗೇ ಬಂತು, ತಡವಾಗಿ. ಅವರಿಗೆ ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು.

ಟೀ ಆರಿಹೋಗಿತ್ತು. ಎದ್ದು ರಸ್ತೆ ದಾಟಿದೆ.

ಒಳಗೆ ಐದಾರು ಜನ ಗೋಡೆಗೆ ಒರಗದೆ ಜಗಲಿಯ ಅಂಚಿನ ಮೇಲಿದ್ದರು. ಸೂರು ಅದೇ ಬಣ್ಣ, ಹೊಸದಾಗಿ. ಬಿಳಿ ಟೋಪಿಯ ಮುದುಕ ಸದ್ದಿನ ಕಡೆ ಮುಖ ತಿರುಗಿಸಿದ. ಕಣ್ಣಲ್ಲಿ ಪೊರೆ.

"ಯಾರದು?"

"ನಾನು, ತಿಪ್ಪೇಸ್ವಾಮಿ."

"ಯಾವ ತಿಪ್ಪೇಸ್ವಾಮಿ? ಈ ಜಿಲ್ಲೇಲಿ ಕಲ್ಲು ಎಸೆದ್ರೆ ಒಬ್ಬ ತಿಪ್ಪೇಸ್ವಾಮಿಗೆ ಬೀಳ್ತೈತೆ."

"ಎಮ್ಮೆ ಸಗಣಿ ಬಣ್ಣ ಮಾಡಿದೋನು."

"ಓ, ನಮ್ಮ ತಿಪ್ಪೇಸಿ. ಬಾರಪ್ಪ, ಕುಂತ್ಕ. ಇನ್ನೂ ಬದುಕಿದೀಯ?"

ನಾನು ಕೂರಲಿಲ್ಲ. ಕೂತರೆ ಕ್ಷೇಮಸಮಾಚಾರ ಶುರುವಾಗಿ ಮತ್ತೆ ಹಾಗೇ ಎದ್ದು ಹೋಗುತ್ತೇನೆಂದು ಗೊತ್ತಿತ್ತು. ನಿಂತೇ ಹೇಳಿದೆ. ಬಸ್ಸಿನ ಹಾರನ್, ಒಲೆಗೆ ಚೆಲ್ಲಿದ ನೀರು, ಹುಳುಕಿಲ್ಲದ ಬೀಜ. ಜಗಲಿಯವರೆಲ್ಲ ಕೇಳುತ್ತಿದ್ದರು. ಹೊರಗೆ ಕೊಪ್ಪರಿಗೆ ಕುದಿಯುತ್ತಿತ್ತು.

"ಎಷ್ಟು ಹೊತ್ತು ಮುಂಚೆ ಇಳಿಸಿದೆ?" ಎಂದ ಇಮಾಮಣ್ಣ.

"ಒಂದು ಗಂಟೆ."

"ನಾಟಕದಾಗೆ ನಿಂದು ಎಷ್ಟು ಮಾತು?"

"ಎರಡು."

"ಹೇಳು, ಕೇಳಾಣ."

ಆ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ಕೈಯಲ್ಲಿದ್ದ ಛತ್ರಿಯನ್ನು ಭರ್ಜಿಯಂತೆ ಊರಿ ಹೇಳಿದೆ. "ಪ್ರಭುಗಳಿಗೆ ಜಯವಾಗಲಿ. ಶತ್ರುಸೈನ್ಯವು ಕೋಟೆಯ ಬಾಗಿಲಿಗೆ ಬಂದಿದೆ."

ಅವನು ನಕ್ಕ. ಕೆಮ್ಮು ಬರುವವರೆಗೂ ನಕ್ಕ. ಜಗಲಿಯವರೂ ನಕ್ಕರು. ಕೆಮ್ಮು ನಿಂತ ಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಿಮ್ಮಪ್ಪನ ಮನೆ ಹುಳುಕು ಬೀಜ ಅಂತ ಬೀಬೀನ ಬಾಳೆಲ್ಲ ಹಂಗಿಸಿದೆ ಕಣ್ಲಾ. ಜಗಳ ಬಂದಾಗೆಲ್ಲ ಅದೇ ಮಾತು. ಅವಳು, ನಮ್ಮ ಬೀಜ ಚೆನ್ನಾಗಿದ್ವು, ಚೆನ್ನಾಗಿದ್ವು ಅಂತಲೇ ಇದ್ಲು. ಹೋಗಿ ಆರು ವರ್ಸ ಆಯ್ತು. ಈಗ ಯಾರಿಗೆ ಹೇಳ್ಲಿ ನಾನು?"

ನನ್ನ ಸುಳ್ಳು ಆ ಮನೆಯೊಳಗೆ ಇಷ್ಟು ದೂರ ನಡೆದಿತ್ತೆಂದು ನನಗೆ ತಿಳಿದಿರಲಿಲ್ಲ. ಕಾಲು ಮುಟ್ಟಲು ಬಗ್ಗಿದೆ. ಅವನು ಭುಜ ಹಿಡಿದು ತಡೆದ. ಅಂಗಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಬಿಳೇದಾ?"

"ಬಿಳೇದೇ. ನಾಮಕರಣಕ್ಕೆ ಅಂತ ಹೊಸದು."

"ಒಳ್ಳೇದಾಯ್ತು. ಈ ಗೋಡೆಗೆ ಇನ್ನೂ ಯಾರೂ ಬೆನ್ನು ಉಜ್ಜಿಲ್ಲ. ನನಗೆ ಮಂಡಿ ನೋವು, ನಡೆಯಾಕೆ ಆಗಲ್ಲ. ಆ ಮೂಲೆಯಿಂದ ಈ ಮೂಲೆಗಂಟ ನೀನೇ ಉಜ್ಜು."

ಉಜ್ಜಿದೆ. ಜಗಲಿಯವರು ಎದ್ದು ದಾರಿ ಬಿಟ್ಟರು. ಒಂದು ಕೂಸು ಚಪ್ಪಾಳೆ ತಟ್ಟಿತು. ಒಳಗಿನಿಂದ ಡಾಕ್ಟರು ಹೊರಗೆ ಬಂದರು, ನಮ್ಮ ಡಾಕ್ಟರಮ್ಮನ ಮಗಳು, ಅದೇ ಹುಬ್ಬು. "ಏನಿದು ಇಮಾಮಜ್ಜ, ಯಾರಿವರು?" ಎಂದು ಕೇಳಿದರು.

"ನಿಮ್ಮಮ್ಮನ ಗೋಡೆ ಕೆಡಿಸಿದೋನು ಕಣವ್ವ. ನಾನಲ್ಲ ಅಂತೆ, ಇವನಂತೆ. ಅವನೇ ಹೇಳ್ತಾನೆ, ಕೇಳು."

ಅವರಿಗೂ ಮೊದಲಿನಿಂದ ಹೇಳಿದೆ. ಅವರ ತಾಯಿಗೆ ಹೇಳಬೇಕಾದಷ್ಟನ್ನು ಹೇಳಿದೆ. ಅವರು ಸ್ಟೆತಾಸ್ಕೋಪನ್ನು ಕೈಯಲ್ಲಿ ಸುತ್ತುತ್ತ ಕೇಳಿ, ಒಮ್ಮೆ ಸೂರು ನೋಡಿ, "ಅಂಟು ಚೆನ್ನಾಗಿ ಬೆಂದಿದ್ರೆ ನಮಗೆ ಈ ಸೂರು ಎಲ್ಲಿತ್ತು?" ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಬೀಬಿಜಾನಳಿಗೆ ಅದು ಸಲ್ಲುವುದಿಲ್ಲ ಎಂಬುದು ನನಗೂ ಇಮಾಮಣ್ಣನಿಗೂ ಗೊತ್ತಿತ್ತು.

"ತಿರುಗು, ನೋಡಾಣ," ಎಂದ ಅವನು.

ತಿರುಗಿ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಕಣ್ಣು ಕಾಣದವನು ಅಂಗೈಯನ್ನು ನನ್ನ ಬೆನ್ನ ಮೇಲೆ ಮೆಲ್ಲಗೆ, ಮೇಲಿನಿಂದ ಕೆಳಗೆ ಆಡಿಸಿದ. ಗೋಡೆಯನ್ನು ಮಾತಾಡಿಸುವಾಗ ಹೀಗೇ ಆಡಿಸುತ್ತಿದ್ದ. ಆ ಕೈ ಒಂದು ಕಡೆ ನಿಂತಿತು.

"ಒಂದು ಚೂರು ಹತ್ತೈತೆ. ಆ ಮೂಲೆ ಇನ್ನೂ ಹಸಿ ಐತೆ ಅಂತ ಕಾಣ್ತೈತೆ."

"ಒರೆಸಿಬಿಡಣ್ಣ."

"ಬ್ಯಾಡ. ಹಂಗೇ ಹೋಗು ನಾಮಕರಣಕ್ಕೆ. ಏನದು ಅಂತ ಕೇಳ್ತಾರೆ. ಕೇಳಿದ್ರೆ ಹೇಳು. ನಮ್ಮ ಬೀಬಿ ಬೀಜ ಚೆನ್ನಾಗಿದ್ವು ಅಂತ ಸೇರಿಸಿ ಹೇಳು."

ತಂಗಿಯ ಮನೆಯ ಬಾಗಿಲಲ್ಲಿ ಮೊದಲು ಕೇಳಿದವಳು ತಂಗಿಯೇ. "ಅಣ್ಣಾ, ಹೊಸ ಅಂಗಿ, ಬೆನ್ನಿಗೆ ಏನು ಮಾಡ್ಕಂಡಿದೀಯ?"

ಒಳಗೆ ಅರವತ್ತು ಜನ ನೆಂಟರು. ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ಹೊಳಲ್ಕೆರೆಯ ಬೀಬಿಜಾನಳ ಹುಣಸೆ ಬೀಜದಿಂದ ಶುರುಮಾಡಿದೆ.